ಹೊರತೋಡಿನ ಹಿಟ್ಟು

ರಾಗಿ ಬೀಸಿದವಳಿಗೆ ಉದುರು ಹಿಟ್ಟು. ಆ ಹಟ್ಟಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಕಲ್ಲಿನ ಸುತ್ತ ಹಾಸಿದ ಬಟ್ಟೆಯ ಮೇಲೆ ಬಿದ್ದದ್ದು ರಾಗಿಯವರದ್ದು. ಬಟ್ಟೆಯ ಆಚೆ ಹಾರಿ ಕಟ್ಟೆಯ ಮೇಲೆ, ನೆಲದ ಮೇಲೆ ಕೂತದ್ದು ಬೀಸಿದವಳದ್ದು. ಅವಳು ಅದನ್ನು ಮಣ್ಣು, ಕೂದಲು, ಇರುವೆ ಸಮೇತ ಗುಡಿಸಿ ಸೆರಗಿಗೆ ಕಟ್ಟಿಕೊಂಡು ಹೋಗಿ, ಜರಡಿ ಹಿಡಿದು ಮುದ್ದೆ ತಿರುವಬೇಕು. ಎಷ್ಟು ಜರಡಿ ಹಿಡಿದರೂ ಹಲ್ಲಿಗೆ ಮರಳು ಸಿಗುತ್ತಿತ್ತು. ಸಿಕ್ಕರೆ ಉಗುಳುತ್ತಿರಲಿಲ್ಲ, ನುಂಗುತ್ತಿದ್ದರು.

ಹಟ್ಟಿ ಇದ್ದದ್ದು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಗಾಡಿದಾರಿಯಿಂದ ಸ್ವಲ್ಪ ಒಳಗೆ. ಅಲ್ಲಿ ಗೌಡ ಬೊಮ್ಮಲಿಂಗಪ್ಪನ ಮನೆಯಲ್ಲಿ ಬೀಸುತ್ತಿದ್ದವಳು ಕರಿಯಕ್ಕ. ಗಂಡ ಕ್ಯಾತಪ್ಪ ಪ್ಲೇಗಿನಲ್ಲಿ ಸತ್ತಿದ್ದ. ಉಳಿದವಳು ಅತ್ತೆ ಯರ್ರಮ್ಮ. ಮುದುಕಿಗೆ ಕಣ್ಣು ಮಂಜು, ನಾಲಿಗೆ ಚುರುಕು. ಗೌಡರ ಮನೆಯಲ್ಲಿ ಆಳುಕಾಳು ಸೇರಿ ದೊಡ್ಡ ಪಂಕ್ತಿಯೇ ಉಣ್ಣುತ್ತಿತ್ತು. ಬೀಸಿದ ದಿನ ಕರಿಯಕ್ಕನಿಗೆ ಮಧ್ಯಾಹ್ನ ಒಂದು ಮುದ್ದೆ, ಮೇಲೆ ಸಾರು. ಅದು ಅವಳ ಹೊಟ್ಟೆಗೆ ಆಯಿತು. ಅತ್ತೆಯ ಹೊಟ್ಟೆಗೆ, ಇಬ್ಬರ ರಾತ್ರಿಯ ಊಟಕ್ಕೆ ಉದುರೇ ಗತಿ. ಉದುರು ಇಲ್ಲದ ದಿನ ನೀರಂಥ ಅಂಬಲಿ.

ಗೌಡರ ಮನೆಯ ಬೀಸುವ ಕಲ್ಲನ್ನು ಅಡಿಗೆಮನೆಯಲ್ಲಿ ಒಲೆಯ ಪಕ್ಕ, ಗೇಣೆತ್ತರದ ಮಣ್ಣಿನ ಕಟ್ಟೆಯಲ್ಲಿ ಹೂತಿದ್ದರು. ಅದೇ ಕಟ್ಟೆಯ ಮೇಲೆ ನೀರಿನ ಕೊಡ, ಮಜ್ಜಿಗೆ ಮಡಕೆ, ಉಪ್ಪಿನ ಗಡಿಗೆ. ಬೀಸಿ ಮುಗಿಸುವ ಹೊತ್ತಿಗೆ ಇವಕ್ಕೆಲ್ಲ ಹಿಟ್ಟು ಬಳಿದಿರುತ್ತಿತ್ತು. ತುಳಿದವರ ಹೆಜ್ಜೆ ನಡುಮನೆಯವರೆಗೆ ಮೂಡುತ್ತಿತ್ತು. ಕಲ್ಲಿಗೆ ಹಲ್ಲು ಕುಟ್ಟಿಸಿ ಯಾವ ಕಾಲವಾಗಿತ್ತೋ. ಹಲ್ಲು ಸವೆದ ಕಲ್ಲು ಹಿಟ್ಟನ್ನು ಸುರಿಸುವುದಿಲ್ಲ, ಉಗುಳುತ್ತದೆ. ಹಾಸುವ ಬಟ್ಟೆಯೋ, ಗೌಡರ ಹಳೆಯ ಪಂಚೆ. ಬಟ್ಟೆಗಿಂತ ತೂತೇ ಹೆಚ್ಚು.

ಪ್ಲೇಗಿನ ಮೇಲೆ ಚಳ್ಳಕೆರೆಯಿಂದ ಬಂದಿದ್ದ ಅಧಿಕಾರಿಯೊಬ್ಬ, ಕಾಳು ಹಿಟ್ಟು ಚೆಲ್ಲಿದ ಕಡೆ ಇಲಿ, ಇಲಿ ಬಂದ ಕಡೆ ಸಾವು, ಗೌಡನ ಮನೆ ಮೊದಲು ಚೊಕ್ಕಟವಾಗಿರಲಿ ಎಂದು ಹತ್ತು ಜನರ ಮುಂದೆ ಹೇಳಿ ಹೋಗಿದ್ದ. ಬೊಮ್ಮಲಿಂಗಪ್ಪ ಅದನ್ನು ಹೆಂಡತಿ ಲಕ್ಷ್ಮಕ್ಕನಿಗೆ ದಾಟಿಸಿದ. ಲಕ್ಷ್ಮಕ್ಕ ಕರಿಯಕ್ಕನಿಗೆ ದಾಟಿಸಿದಳು. ಅದಕ್ಕಿಂತ ಕೆಳಗೆ ದಾಟಿಸಲು ಯಾರೂ ಇರಲಿಲ್ಲ.

"ಇದೇನು ಬೀಸ್ತೀಯೋ, ಕಣದಾಗೆ ತೂರ್ತೀಯೋ?" ಅಂದಳು ಲಕ್ಷ್ಮಕ್ಕ. "ಇಲಿಗೆ ಎಡೆ ಇಕ್ಕೋಕೆ ನಿನ್ನ ಕರ್ಸಿದ್ದೀನಾ?"

ಕಲ್ಲು ಕುಟ್ಟಿಸಿದರೆ ಹಾರುವುದು ಕಡಿಮೆಯಾಗುತ್ತದೆ ಎಂದು ಕರಿಯಕ್ಕ ಹೇಳಿದಳು. ಮುಂಚೆಯೂ ಹೇಳಿದ್ದಳು. ಲಕ್ಷ್ಮಕ್ಕ ಕಲ್ಲಿನ ಕಡೆ ನೋಡಲೂ ಇಲ್ಲ.

"ಕಲ್ಲಿಗೆ ಹೆಸರು ಇಕ್ಕಬ್ಯಾಡ. ಉದುರು ಜಾಸ್ತಿ ಸಿಗಲಿ ಅಂತ ಬೇಕಂತ್ಲೇ ಹಾರಿಸ್ತೀಯ, ಕಳ್ಳಿ. ನನಗೇನು ತಿಳಿಯಾಕಿಲ್ವಾ? ಹಿಂಗೇ ಆದ್ರೆ ನಾಳೆಯಿಂದ ಸಿದ್ದಕ್ಕನ್ನ ಕರೀತೀನಿ."

ಕರಿಯಕ್ಕ ಆ ದಿನ ಉದುರು ಗುಡಿಸಿಕೊಂಡು ಹೋದಳು. ಗಲೀಜಿನವಳು ಎಂದಿದ್ದರೆ ಸಹಿಸುತ್ತಿದ್ದಳು, ದಿನವೂ ಸಹಿಸುತ್ತಿದ್ದಳು. ಕಳ್ಳಿ ಎಂದದ್ದನ್ನು ಸಹಿಸಲಾಗಲಿಲ್ಲ. ಭುಜ ಕಳಚಿ ಬೀಳುವಂತೆ ಕಲ್ಲು ತಿರುಗಿಸಿ, ಮಂಡಿಯೂರಿ ಮಣ್ಣು ಗುಡಿಸಿ, ಆ ಮಣ್ಣನ್ನು ತಿಂದು, ಕಳ್ಳಿ ಎನ್ನಿಸಿಕೊಳ್ಳುವುದು ಅತಿಯಾಯಿತು ಅನ್ನಿಸಿತು. ಹಿಟ್ಟು ಹಾರುವುದು ತನ್ನ ಕೈಯಿಂದಲ್ಲ ಎಂದು ತೋರಿಸಬೇಕು. ಹಾರಿದರೂ ಕಟ್ಟೆಯ ಮೇಲೆ ಬೀಳಬಾರದು. ಆಗ ಆ ಬಾಯಿಗೆ ಏನು ಸಿಗುತ್ತದೆ ನೋಡೋಣ ಅಂದುಕೊಂಡಳು.

ತನ್ನ ಗುಡಿಸಲಲ್ಲೂ ಒಂದು ಬೀಸುವ ಕಲ್ಲಿತ್ತು. ಅವಳು ಕೆರೆಯ ಜೇಡಿ ತಂದು ಕಲ್ಲಿನ ಸುತ್ತ ಬಳೆಯಂತೆ ಕಟ್ಟಿದಳು. ಅಂಚು ಎತ್ತರಿಸಿದಳು. ಒಣಗಿದ ಮೇಲೆ ಒಂದು ಮೊರ ರಾಗಿ ಬೀಸಿ ನೋಡಿದರೆ ಗೂಟ ಹಿಡಿದ ಕೈಯ ಗೆಣ್ಣು ಅಂಚಿಗೆ ಉಜ್ಜಿ ಸಿಪ್ಪೆ ಎದ್ದಿತು. ಅಂಚು ತಗ್ಗಿಸಿದಳು. ತಗ್ಗಿಸಿದರೆ ಹಿಟ್ಟು ಮತ್ತೆ ಆಚೆಗೆ ಹಾರಿತು. ಯರ್ರಮ್ಮ ಮೂಲೆಯಲ್ಲಿ ಕೂತು, ಗಂಡಸರು ಬದುಕಿದ್ದ ಕಾಲದಲ್ಲೂ ಈ ಮನೆಯಲ್ಲಿ ಇಷ್ಟು ಮಣ್ಣಿನ ಕೆಲಸ ನಡೆದಿರಲಿಲ್ಲ, ಬಾವಿ ತೋಡುತ್ತೀಯೋ ಗೋರಿ ತೋಡುತ್ತೀಯೋ ಹೇಳಿಬಿಡು ಎಂದು ಕೇಳುತ್ತಿದ್ದಳು.

ಕರಿಯಕ್ಕ ಹಿಟ್ಟು ಬೀಳುವುದನ್ನು ನೋಡುತ್ತಾ ಕೂತಳು. ಬೀಸುವವಳು ಹಿಟ್ಟನ್ನು ನೋಡುವುದಿಲ್ಲ. ಹಾಡುತ್ತಾಳೆ, ಇಲ್ಲವೆ ಬೇರೇನೋ ನೆನೆಯುತ್ತಾಳೆ. ಈಗ ನೋಡಿದರೆ ತರಿ ಹಿಟ್ಟು ಕಲ್ಲಿನ ಬುಡಕ್ಕೇ ಬೀಳುತ್ತಿತ್ತು. ನುಣ್ಣನೆಯದು ಹೊಗೆಯಂತೆ ಎದ್ದು ಒಂದು ಗೇಣು ಆಚೆ ಹೋಗಿ ಕೂರುತ್ತಿತ್ತು. ಎತ್ತರದ ಒಂದು ಅಂಚು ಬೇಕಿಲ್ಲ, ತಗ್ಗಾದ ಎರಡು ತೋಡು ಬೇಕು ಎಂದು ಅವಳಿಗೆ ಹೊಳೆಯಿತು. ಕಲ್ಲಿಗೆ ಅಂಟಿಕೊಂಡು ಆಳದ ಒಳತೋಡು. ಅದರಾಚೆ ಸಣ್ಣ ಏರಿ. ಏರಿಯಾಚೆ ಅಗಲವಾದ ಹೊರತೋಡು. ಒಳತೋಡು ಈಗಿನ ಬಟ್ಟೆಯಿದ್ದ ಹಾಗೆ, ಅದು ರಾಗಿಯವರದ್ದು. ಹೊರತೋಡು ಬಟ್ಟೆಯ ಆಚೆಯ ನೆಲವಿದ್ದ ಹಾಗೆ, ಅದು ತನ್ನದು. ಮಣ್ಣು ಮಾತ್ರ ಇರುವುದಿಲ್ಲ.

ಜೇಡಿ ಬಿರುಕು ಬಿಡುತ್ತಿತ್ತು, ಹಿಟ್ಟಿಗೆ ಬೆರೆಯುತ್ತಿತ್ತು. ಮರವೇ ಆಗಬೇಕು. ಮರ ಮನೆಯಲ್ಲೇ ಇತ್ತು. ಕ್ಯಾತಪ್ಪ ಸಾಯುವ ಮುಂಚಿನ ವರ್ಷ ಬಾಗಿಲು ಮಾಡಿಸಬೇಕೆಂದು ಕಮರವೆಂಬ ಗಟ್ಟಿ ಮರದ ದಪ್ಪ ಹಲಗೆ ತಂದು ಸೂರಿಗೆ ಏರಿಸಿದ್ದ. ಈಗಲೂ ಆ ಗುಡಿಸಲಿಗೆ ಬಾಗಿಲಿರಲಿಲ್ಲ. ತಡಿಕೆ ಕಟ್ಟಿ ಮಲಗುತ್ತಿದ್ದರು. ಕರಿಯಕ್ಕ ಹಲಗೆ ಇಳಿಸಿ ಚಿನ್ನಯ್ಯಾಚಾರಿಯ ಮನೆಗೆ ಹೊತ್ತುಕೊಂಡು ಹೋದಳು.

ಚಿನ್ನಯ್ಯ ಮೊಳಕಾಲ್ಮೂರು ಕಡೆಯವನು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಹಟ್ಟಿಯವರ ನೇಗಿಲು ಕುಂಟೆ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದಿಂದ ಆಯ, ಅಂದರೆ ತನ್ನ ಪಾಲಿನ ಕಾಳು, ಪಡೆದು ಬದುಕುತ್ತಿದ್ದ. ಹಲಗೆ ಮುಟ್ಟಿ ನೋಡಿ, ಕಮರಕ್ಕೆ ಬಾಚಿ ಹಾಕುವುದೂ ಬಂಡೆಗೆ ಹಲ್ಲು ಹಾಕುವುದೂ ಒಂದೇ ಅಂದ. ಆಮೇಲೆ ಅವಳು ಮಾದರಿಗೆಂದು ಎರಡು ತೋಡು ತಿದ್ದಿ ತಂದಿದ್ದ ಜೇಡಿಯ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದ.

"ಗೌಡ್ರ ಕಲ್ಲು ಕಟ್ಟೇಲಿ ಹೂತೈತೆ. ಇದನ್ನ ಮೇಲಿಂದ ಹೆಂಗೆ ಇಳಿಸ್ತೀಯಮ್ಮಾ? ಎರಡು ಹೋಳು ಮಾಡ್ಬೇಕು, ಅರ್ಧಚಂದ್ರ ಇದ್ದಂಗೆ. ಗಾಲಿ ತುಂಡು ಬೆಸೆದಂಗೆ ಗೂಟ ಹಾಕಿ ಕೂಡಿಸ್ಬೇಕು."

"ಕೂಡಿಸು. ಸಂದೀಲಿ ಹಿಟ್ಟು ಇಳೀಬಾರ್ದು."

"ಸರೇ. ಈ ಹೊರಗಿನ ತೋಡು ಯಾಕೆ? ಒಂದೇ ಅಗಲಕ್ಕೆ ತೋಡಿದ್ರೆ ನನಗೂ ಕೆಲಸ ಕಡಿಮೆ."

"ಹೊರಗಿಂದು ನಂದು."

"ಗೌಡ್ತಿಗೆ ಹೇಳಿದ್ದೀಯಾ?"

"ಹೇಳೋದೇನೈತೆ? ಕಟ್ಟಳೆ ಐತಲ್ಲ."

ಚಿನ್ನಯ್ಯ ಮತ್ತೆ ಕೇಳಲಿಲ್ಲ. ಆಯ ತಿನ್ನುವವನಿಗೆ ಕಟ್ಟಳೆಯ ಮೇಲೆ ನಂಬಿಕೆ ಇರಲೇಬೇಕು. ಅದಿಲ್ಲದಿದ್ದರೆ ಸುಗ್ಗಿಯವರೆಗೆ ಅವನು ನಿದ್ದೆ ಮಾಡುವುದಾದರೂ ಹೇಗೆ?

ಹೋಳುಗಳು ತಯಾರಾಗಲು ಹಲವು ದಿನ ಹಿಡಿಯಿತು. ಕರಿಯಕ್ಕ ಬೀಸಿ ಬಂದ ಮೇಲೆ ಹೋಗಿ ಕೂತು ಮರಳಿನಿಂದ ತೋಡುಗಳನ್ನು ಉಜ್ಜಿದಳು. ಚಿನ್ನಯ್ಯ ಉಳಿಯಲ್ಲಿ ಬಿಟ್ಟ ಒರಟೆಲ್ಲ ಹೋಗಿ ಮರ ಗಾಜಿನಂತೆ ನುಣುಪಾಯಿತು. ಅಂಚನ್ನು ಎರಡು ಸಲ ತಗ್ಗಿಸಿದಳು. ಗೂಟ ತಿರುಗಿಸುವ ಕೈ ಎಲ್ಲೂ ತಾಗದ ಹಾಗಾದ ಮೇಲೆ ಸಾಕು ಅಂದಳು.

ಗೌಡರ ಮನೆಯ ಕಟ್ಟೆಯ ಮೇಲೆ ಅದನ್ನು ಕೂಡಿಸಿದ ದಿನ ಮನೆಮಂದಿಯೆಲ್ಲ ಬಂದು ನಿಂತರು. ಕರಿಯಕ್ಕ ಒಂದು ಪುಟ್ಟಿ ರಾಗಿ ಬೀಸಿದಳು. ಕಟ್ಟೆ ಕಪ್ಪಗೆ ಸಾರಿಸಿದ ಹಾಗೇ ಉಳಿಯಿತು. ನೀರಿನ ಕೊಡದ ಮೇಲೆ ಬೆರಳಾಡಿಸಿದರೆ ಏನೂ ಅಂಟಲಿಲ್ಲ. ನೀರೆರಚಿ ಒರೆಸುವ ಕೆಲಸ ತಪ್ಪಿ ಸೊಸೆಯಂದಿರಿಗೂ ಖುಷಿಯಾಯಿತು. ಲಕ್ಷ್ಮಕ್ಕ ಬಾಯಿಬಿಟ್ಟು ಹೊಗಳುವವಳಲ್ಲ, ಆದರೂ ಅಂದು ಕರಿಯಕ್ಕನ ಮುದ್ದೆಗೆ ಬೆಣ್ಣೆ ಹಾಕಿದಳು. ಒಳತೋಡಿನ ಹಿಟ್ಟು ಮನೆಯ ಗಡಿಗೆಗೆ ಹೋಯಿತು. ಹೊರತೋಡಿನ ಹಿಟ್ಟನ್ನು ಕರಿಯಕ್ಕ ಸೆರಗಿಗೆ ತುಂಬಿಕೊಂಡಳು. ಯಾರೂ ಏನೂ ಅನ್ನಲಿಲ್ಲ. ಆ ರಾತ್ರಿ ಯರ್ರಮ್ಮ ಮುದ್ದೆ ನುಂಗಿ, ಇದೇನೇ ಹಲ್ಲಿಗೆ ಏನೂ ಸಿಗ್ತಿಲ್ಲ, ಗೌಡರ ಗಡಿಗೆಯಿಂದ ಕದ್ದು ತಂದೆಯಾ ಎಂದು ಕೇಳಿದಳು.

ಕೆಲವು ದಿನ ಹೀಗೇ ನಡೆಯಿತು. ಲಕ್ಷ್ಮಕ್ಕ ಅದನ್ನು ಬಂದವರಿಗೆಲ್ಲ ತೋರಿಸಿದಳು. ಕುದಾಪುರದ ಕಡೆಯಿಂದ ಬಂದ ಬೀಗರಿಗೆ ತೋರಿಸುವಾಗ, ಇದನ್ನು ನಾವು ಮಾಡಿಸಿದ್ದು ಅಂದಳು. ಕರಿಯಕ್ಕ ಕಲ್ಲಿನ ಮುಂದೆಯೇ ಕೂತಿದ್ದಳು; ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಬೀಗರಲ್ಲಿ ಒಬ್ಬಾಕೆ ಬಗ್ಗಿ ಹೊರತೋಡಿನ ಹಿಟ್ಟನ್ನು ಬೆರಳಲ್ಲಿ ಉಜ್ಜಿ, ಇದು ಒಳಗಿನದಕ್ಕಿಂತ ನುಣುಪಲ್ಲವೇ, ಎಳೆ ಕೂಸಿಗೆ ಮಣ್ಣಿ ಮಾಡುವಂಥ ಹಿಟ್ಟು ಅಂದಳು. ಅದು ಬೀಸಿದವಳಿಗೆ ಹೋಗುತ್ತದೆ ಎಂದು ತಿಳಿದಾಗ ಮೂಗಿನ ಮೇಲೆ ಬೆರಳಿಟ್ಟಳು.

ಮರುದಿನ ಕರಿಯಕ್ಕ ಬೀಸಿ ಎದ್ದು ಸೆರಗು ಹರಡುವಷ್ಟರಲ್ಲಿ ಲಕ್ಷ್ಮಕ್ಕ ತಟ್ಟೆ ಹಿಡಿದು ಬಂದು ಹೊರತೋಡನ್ನೂ ಬಳಿದಳು.

"ಅಕ್ಕಾರೆ, ಅದು ಉದುರು," ಅಂದಳು ಕರಿಯಕ್ಕ.

"ಎಲ್ಲಿ ಉದುರೈತೆ? ಮರದಾಗೆ ಕೂತೈತೆ. ಮಣ್ಣು ತಾಕಿಲ್ಲ, ಕಸ ಸೇರಿಲ್ಲ. ಇಂಥಾ ಹಿಟ್ಟು ಉದುರು ಹೆಂಗಾಯ್ತದೆ? ನೆಲಕ್ಕೆ ಬಿದ್ದಿದ್ರೆ ತಗೊಂಡು ಹೋಗು."

ನೆಲದ ಮೇಲೆ ಏನೂ ಬಿದ್ದಿರಲಿಲ್ಲ. ಬೀಳದ ಹಾಗೆ ಮಾಡಿದವಳು ತಾನೇ.

ಯೋಚನೆ ಮಾಡಿದರೆ ಇದರಲ್ಲಿ ಒಗಟೇನೂ ಇಲ್ಲ. ಮಣ್ಣು ಬೆರೆತಿದ್ದಷ್ಟು ಕಾಲ ಆ ಹಿಟ್ಟು ಗೌಡರ ಮನೆಯವರ ಕಣ್ಣಿಗೆ ಹಿಟ್ಟೇ ಆಗಿರಲಿಲ್ಲ. ಅದಕ್ಕೇ ಅದನ್ನು ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟದ್ದಕ್ಕೆ ಕಟ್ಟಳೆ ಎಂಬ ಹೆಸರನ್ನೂ ಇಟ್ಟಿದ್ದರು. ಬಡವರಿಗೆ ಕೊಡುವಾಗ ಮಣ್ಣು ಕಲಸಿ ಕೊಡಬೇಕು. ಅವರೇ ಮಣ್ಣು ತೆಗೆದು ಚೊಕ್ಕಟ ಮಾಡಿಕೊಂಡರೆ ವಾಪಸು ಕಿತ್ತುಕೊಳ್ಳಬೇಕು. ಇಷ್ಟೇ ಅವರ ಧರ್ಮ.

ಕರಿಯಕ್ಕ ನೇರವಾಗಿ ಜಗುಲಿಗೆ ಹೋದಳು. ಬೊಮ್ಮಲಿಂಗಪ್ಪ ನಾಲ್ಕು ಜನರ ನಡುವೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಹಟ್ಟಿಯ ನ್ಯಾಯ ಹೇಳುವವನೂ ಅವನೇ. ಅವಳು ಎಲ್ಲವನ್ನೂ ಹೇಳಿದಳು: ಕಳ್ಳಿ ಎಂದದ್ದು, ಜೇಡಿ ಕಟ್ಟಿದ್ದು, ಬಾಗಿಲಿನ ಹಲಗೆ ಕೊಟ್ಟದ್ದು, ಹೊರತೋಡು ಯಾಕೆ ಎಂಬುದು. ಮೂಲೆಯಲ್ಲಿದ್ದ ದಾಸಣ್ಣನೆಂಬ ಕುರಿಯವನು ಮಾತ್ರ, ಅವಳು ಹೇಳೋದು ಸರಿ ಐತಲ್ಲ ಗೌಡ್ರೆ ಅಂದ. ಉಳಿದವರು ಹೆಂಗಸರ ಹಿಟ್ಟಿನ ಜಗಳಕ್ಕೂ ಪಂಚಾಯ್ತಿಯೇ ಎಂದು ನಕ್ಕರು. ಬೊಮ್ಮಲಿಂಗಪ್ಪನೂ ನಕ್ಕ. ಒಳಬಾಗಿಲ ಹಿಂದೆ ಹೆಂಡತಿ ನಿಂತಿರುವುದು ಅವನಿಗೆ ಗೊತ್ತಿತ್ತು. ಬೇಗ ಮುಗಿಸಬೇಕಿತ್ತು.

"ಕೇಳಿಲ್ಲಿ, ಕರಿಯಕ್ಕ. ಮರ ಯಾರ ಮನೇಲಿ ಕೂತೈತೋ, ಮರದೊಳಗಿನ ಹಿಟ್ಟು ಆ ಮನೇದು. ಮರದ ಆಚೆ ನೆಲಕ್ಕೆ ಬಿದ್ದದ್ದು ಬೀಸಿದೋಳಿಗೆ. ಮುಗೀತಲ್ಲ?"

"ಇದು ಗಟ್ಟಿ ಮಾತಾ, ಗೌಡ್ರೆ?"

"ನಾನು ಒಂದು ಸಲ ಆಡಿದ್ರೆ ಆಡಿದಂಗೆ. ಈ ನಾಲ್ಕು ಜನ ಕೇಳವ್ರೆ."

"ಮರ ಯಾರ್ದು?"

"ಮರ ನಿಂದೇ. ಯಾರು ಇಲ್ಲ ಅಂದ್ರು?"

ಕರಿಯಕ್ಕ ಒಳಗೆ ಹೋದಳು. ಒನಕೆಯ ತುದಿಯಿಂದ ಕುಟ್ಟಿ ಗೂಟ ಕಳಚಿದಳು. ಒಂದು ಹೋಳನ್ನು ತಲೆಯ ಮೇಲೆ ಇಟ್ಟುಕೊಂಡು ಇನ್ನೊಂದನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಬಂದಳು. ಲಕ್ಷ್ಮಕ್ಕ ಅಡ್ಡ ನಿಂತಳು, ಆಮೇಲೆ ಗಂಡನ ಮುಖ ನೋಡಿ ಸರಿದಳು. ಮರ ನಿನ್ನದೇ ಎಂದು ಅವನು ಆಗಷ್ಟೇ ಅಂದಿದ್ದ. ಹೋಗು, ನಾಳೆಯಿಂದ ಈ ಹೊಸ್ತಿಲು ತುಳಿಯಬೇಡ ಎಂದು ಲಕ್ಷ್ಮಕ್ಕ ಅವಳ ಬೆನ್ನಿಗೆ ಹೇಳಿದಳು.

ಗೌಡರ ಮನೆಗೆ ಹೊಸದು ಮಾಡಿಸುವುದು ಕಷ್ಟವೇನಲ್ಲ. ಚಿನ್ನಯ್ಯನಿಗೆ ಹೇಳಿ ಕಳಿಸಿದರು. ಒಂದೇ ತೋಡು, ಅಗಲಕ್ಕೆ. ಹೊರಗಿನ ಅಂಚು ಎತ್ತರಕ್ಕೆ, ಚಿಟಿಕೆ ಹಿಟ್ಟೂ ಆಚೆ ಹೋಗಬಾರದು. ಚಿನ್ನಯ್ಯ ಮಾಡಿಕೊಟ್ಟ. ಆಮೇಲೆ ಕರಿಯಕ್ಕನ ಗುಡಿಸಲ ಮುಂದೆ ಬಂದು, ನಾನೇನು ಮಾಡಲಿ, ಊರ ಆಚಾರಿ, ಗೌಡರಿಗೆ ಇಲ್ಲ ಅನ್ನುವುದು ಹೇಗೆ ಎಂದು ಗೊಣಗುತ್ತ ನಿಂತ.

ಕರಿಯಕ್ಕ ಅಂಬಲಿಯ ಮಡಕೆಯಿಂದ ಕಣ್ಣೆತ್ತಲಿಲ್ಲ. "ನೀನು ಕಣದಾಗೆ ರಾಶಿ ಎತ್ತಿದ ಮ್ಯಾಲೆ ಉಳಿದದ್ದನ್ನ ಬಳಕೊಂಡು ಬರ್ತೀಯಲ್ಲ ಆಚಾರಿ, ಬರೋ ಸುಗ್ಗಿಗೆ ಗೌಡ್ರು ಕಣಕ್ಕೆಲ್ಲ ಚಾಪೆ ಹಾಸ್ತಾರೆ. ನೆಲಕ್ಕೆ ಏನೈತೆ ತಗೋ ಅಂತಾರೆ. ಆಗ ಇಲ್ಲಿಗೇ ಬಾ, ಇಬ್ರೂ ಕೂತು ಗೊಣಗಾಣ."

ಚಿನ್ನಯ್ಯ ತೆಲುಗಿನಲ್ಲಿ ಏನೋ ಬೈದುಕೊಂಡು ಹೋದ. ಬೈದದ್ದು ಯಾರಿಗೆ ಎಂದು ತಿಳಿಯಲಿಲ್ಲ.

ಗೌಡರ ಮನೆಗೆ ಬೀಸಲು ಸಿದ್ದಕ್ಕ ಹೋದಳು. ಸಿದ್ದಕ್ಕನದೂ ಕರಿಯಕ್ಕನಂಥದೇ ಬದುಕು. ಹೋಗಬಾರದು ಅನ್ನುವುದಕ್ಕೆ ಕರಿಯಕ್ಕನಿಗೆ ಯಾವ ಹಕ್ಕೂ ಇರಲಿಲ್ಲ. ಆದರೆ ಮೊದಲ ದಿನ ಬೀಸಿ ಬಂದವಳು ತನ್ನ ಮನೆಗೆ ಹೋಗದೆ ಕರಿಯಕ್ಕನ ಮುಂದೆ ಬಂದು ನಿಂತಳು. ಸೆರಗು ಬರಿದಾಗಿತ್ತು. ಕೈಗೆಣ್ಣು ಸುಲಿದಿತ್ತು.

"ನಿನ್ನ ಬುದ್ಧಿಗೆ ಬೆಂಕಿ ಬೀಳ," ಅಂದಳು. "ಯಾರು ಕೇಳಿದ್ರು ನಿನ್ನ? ಗಲೀಜಾದ್ರೆ ಅವರ ಮನೆ ಗಲೀಜಾಗ್ತಿತ್ತು. ನಿನಗೇನು ಬಂದಿತ್ತು ದೊಡ್ಡ ರೋಗ? ಇವತ್ತು ಗೌಡ್ರ ಮನೆ, ನಾಳೆ ಶಾನುಭೋಗ್ರ ಮನೆ, ಎಲ್ಲಾ ಕಡೆ ಮಾಡಿಸ್ತಾರೆ. ನಮ್ಮೆಲ್ಲರ ಬಾಯಿಗೆ ಮಣ್ಣು ಹಾಕಿದೆ."

ಮಣ್ಣಾದರೂ ಹಾಕಿದ್ದರೆ ಜರಡಿ ಹಿಡಿಯಬಹುದಿತ್ತು. ಕರಿಯಕ್ಕ ಆ ಮಾತನ್ನು ಆಡಲಿಲ್ಲ. ಸಿದ್ದಕ್ಕ ಅಂದದ್ದು ಸುಳ್ಳೇನಲ್ಲ. ಗಲೀಜೇ ತಮ್ಮ ಕೂಲಿ ಎಂಬುದು ಸಿದ್ದಕ್ಕನಿಗೆ ಗೊತ್ತಿತ್ತು. ತನಗೆ ಗೊತ್ತಿರಲಿಲ್ಲ. ಕಳ್ಳಿ ಎಂದದ್ದಕ್ಕೆ ಉರಿದು, ತನ್ನ ಬಾಗಿಲನ್ನು ಕೊಟ್ಟು, ತನ್ನ ಅನ್ನದ ತೂತನ್ನು ತಾನೇ ಮುಚ್ಚಿಸಿಕೊಂಡಿದ್ದಳು. ಆದರೆ ಅದಕ್ಕೆ ಸಿಟ್ಟು ತನ್ನ ಮೇಲೆಯೇ ಯಾಕೆ ಬರಬೇಕು ಎಂದೂ ಅನ್ನಿಸಿತು. ಚೊಕ್ಕಟ ಮಾಡಿದ್ದು ತಪ್ಪಲ್ಲ. ಚೊಕ್ಕಟವಾದದ್ದನ್ನು ಕಂಡು ಕೈ ಹಾಕಿದ್ದು ತಪ್ಪು.

"ಕೈ ತೋರ್ಸು," ಅಂದಳು. ಗೆಣ್ಣಿಗೆ ಬೇವಿನೆಣ್ಣೆ ಹಚ್ಚಿದಳು. ಸಿದ್ದಕ್ಕ ಬೈಯುತ್ತಲೇ ಹಚ್ಚಿಸಿಕೊಂಡಳು.

ಕರಿಯಕ್ಕ ಆಮೇಲೆ ಹತ್ತಿ ಬಿಡಿಸಲು ಹೋದಳು. ಹೋಳುಗಳನ್ನು ತನ್ನ ಕಲ್ಲಿನ ಸುತ್ತಲೇ ಕೂಡಿಸಿದ್ದಳು. ಅವಳ ಕಲ್ಲು ಗೌಡರ ಕಲ್ಲಿಗಿಂತ ಬೆರಳಗಲ ಕಿರಿದು. ಸಂದಿಗೆ ಹಳೆಯ ಕಂಬಳಿಯ ಅಂಚು ತುರುಕಿದ್ದಳು. ಬೀಸಲು ಅವಳ ಬಳಿ ರಾಗಿಯೇ ಇರಲಿಲ್ಲ.

ಒಂದು ದಿನ ಕುರಿಯ ದಾಸಣ್ಣನ ಹೆಂಡತಿ ಹೊನ್ನಕ್ಕ ಒಂದು ಮೊರ ರಾಗಿ ತಂದಳು. ಬಾಣಂತಿ, ಬೀಸಲಾರಳು, ಅವಳ ಮನೆಗೆ ಬಂದು ಬೀಸಿಕೊಡುವ ಹೆಂಗಸೂ ಇರಲಿಲ್ಲ. ಕರಿಯಕ್ಕ ಬೀಸಿದಳು. ಒಳತೋಡಿನದನ್ನು ಬಳಿದು ಹೊನ್ನಕ್ಕನ ಮೊರಕ್ಕೆ ಹಾಕಿದಳು. ಹೊರತೋಡಿನದನ್ನು ತೋರಿಸಿ, ಇದು ನನಗೆ ಅಂದಳು. ಹೊನ್ನಕ್ಕ ಆಗಲಿ ಅಂದಳು. ಅವಳ ಗಂಡ ಜಗುಲಿಯ ಮೇಲೆ ಗೌಡನ ಮಾತು ಕೇಳಿಸಿಕೊಂಡು ಬಂದು ಮನೆಯಲ್ಲಿ ಹೇಳಿದ್ದ.

ಹೊನ್ನಕ್ಕ ಹೋದ ಮೇಲೆ ಯರ್ರಮ್ಮ ಮೂಲೆಯಿಂದ ಕೆಮ್ಮಿದಳು. "ಲೇ ಕರಿ, ಮರ ಯಾರ ಮನೇಲಿ ಐತೋ ಹಿಟ್ಟು ಅವರ್ದು ಅಂತಲ್ವೇನೆ ಗೌಡ ಅಂದದ್ದು? ಮರ ನಮ್ಮನೇಲಿ ಐತೆ. ಹಂಗಾದ್ರೆ ಒಳಗಿಂದೂ ನಮ್ಮದೇ ಆಯ್ತಲ್ಲೇ. ಯಾಕೆ ಕೊಟ್ಟು ಕಳ್ಸಿದೆ?"

"ನಾನು ಗೌಡ್ತಿ ಅಲ್ಲತ್ತೆ."

ಮುದುಕಿ, ಗೌಡ್ತಿ ಆಗಿದ್ದರೆ ಇಷ್ಟು ಹೊತ್ತಿಗೆ ಬಾಗಿಲಿರುತ್ತಿತ್ತು ಅಂದಳು.

ಹೊನ್ನಕ್ಕನ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಮತ್ತೊಬ್ಬಳು. ಕಂಕುಳಲ್ಲಿ ಕೂಸಿದ್ದವರು, ಹೊಲದಿಂದ ಬರುವಷ್ಟರಲ್ಲಿ ಬಳಲಿದವರು, ಮನೆಯಲ್ಲಿ ಕಲ್ಲು ಒಡೆದವರು. ಕರಿಯಕ್ಕ ಹತ್ತಿ ಬಿಡಿಸಿ ಬಂದು ಸಂಜೆ ಬೀಸುತ್ತಿದ್ದಳು. ಸಿದ್ದಕ್ಕ ಗೌಡರ ಮನೆಯನ್ನು ಬಿಟ್ಟಳು. ದೊಡ್ಡ ಮಾತೇನೂ ಆಡಲಿಲ್ಲ. ಬರಿಗೈಲಿ ಬರಲು ತನಗೇನು ಹರಕೆಯೇ ಅಂದಳಂತೆ. ಅವಳೂ ಕರಿಯಕ್ಕನ ಕಲ್ಲಿನ ಎದುರು ಬದಿಯಲ್ಲಿ ಕೂತಳು. ಇಬ್ಬರು ಹಿಡಿದರೆ ಕಲ್ಲು ಹಗುರ. ಹೊರತೋಡಿನದನ್ನು ಇಬ್ಬರೂ ಹಂಚಿಕೊಂಡರು. ಸಿದ್ದಕ್ಕ ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಗೌಡರ ಮನೆಯಲ್ಲಿ ಸೊಸೆಯಂದಿರು ಬೀಸಿದರು. ಎತ್ತರದ ಅಂಚಿಗೆ ಇಬ್ಬರ ಕೈಯೂ ಸುಲಿಯಿತು. ಹಿರಿಯವಳು ಕಿರಿಯವಳ ಮೇಲೆ ಹಾಕಿದಳು, ಕಿರಿಯವಳು ತವರಿಗೆ ಹೋದಳು. ಬೇರೆ ಹೆಂಗಸರನ್ನು ಕರೆದರೆ, ಹೊರತೋಡು ಇದ್ದರೆ ಬರುತ್ತೇವೆ ಅಂದರು. ಹೊರತೋಡು ಕೊಟ್ಟರೆ ಕರಿಯಕ್ಕನಿಗೆ ಸೋತಂತೆ ಎಂದು ಲಕ್ಷ್ಮಕ್ಕ ಹಲ್ಲು ಕಚ್ಚಿಕೊಂಡು ತಾನೇ ಕೂತು ಬೀಸಿದ್ದೂ ಉಂಟು. ಅಷ್ಟರಲ್ಲಿ ರಾಗಿ ಕೊಯ್ಲು ಬಂತು. ಹೊಲದಲ್ಲಿ ಆಳುಗಳು, ಅವರಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಹೋಗಬೇಕು. ಒಂದು ಮಧ್ಯಾಹ್ನ ಹಿಟ್ಟಿಲ್ಲದೆ ಮುದ್ದೆ ತಡವಾಗಿ, ಆಳುಗಳು ಕುಡುಗೋಲು ಇಟ್ಟು ನೆರಳಲ್ಲಿ ಕೂತರು. ಬೊಮ್ಮಲಿಂಗಪ್ಪ ಮನೆಗೆ ಬಂದು ಮಾಡಿದ ಗಲಾಟೆ ದಾರಿಯವರೆಗೆ ಕೇಳಿಸಿತು.

ಮಾರನೆಯ ಬೆಳಗ್ಗೆ ಗೌಡರ ಮನೆಯ ಆಳು ಕರಿಯಕ್ಕನ ಗುಡಿಸಲ ಮುಂದೆ ರಾಗಿಯ ಪುಟ್ಟಿ ಇಳಿಸಿದ. ಅವನ ಹಿಂದೆ ಲಕ್ಷ್ಮಕ್ಕ. ಅವಳು ಆ ಗುಡಿಸಲಿಗೆ ಎಂದೂ ಬಂದವಳಲ್ಲ. ಕ್ಯಾತಪ್ಪ ಸತ್ತಾಗಲೂ ಬಂದಿರಲಿಲ್ಲ. ಸರಿಸಿದ ತಡಿಕೆಯ ಪಕ್ಕ ಬಗ್ಗಿ ಒಳಗೆ ಬಂದಳು.

"ಯಾರದು?" ಅಂದಳು ಯರ್ರಮ್ಮ. ಯಾರೆಂದು ತಿಳಿದ ಮೇಲೆ, "ಗೌಡ್ತಿಯೇನವ್ವಾ? ಬಾಗಿಲು ತಟ್ಟಿ ಬರಬಾರ್ದಾ ಅಂತಿದ್ದೆ. ಬಾಗಿಲಿಲ್ಲ. ಬಾಗಿಲೆಲ್ಲ ಕಲ್ಲಿನ ಸುತ್ತ ಐತೆ. ಕುಂತ್ಕೋ."

ಲಕ್ಷ್ಮಕ್ಕ ಕೂರಲಿಲ್ಲ. ರಾಗಿ ಬೀಸಿ ಕೊಡಬೇಕೆಂದು ಗೋಡೆಗೆ ಹೇಳುವಂತೆ ಹೇಳಿದಳು. ಆಮೇಲೆ ಕೇಳಲೇಬೇಕಾದ್ದನ್ನು ಕೇಳಿದಳು. ಗಂಡ ನಾಲ್ಕು ಜನರ ಮುಂದೆ ಆಡಿದ ಮಾತು ಅವಳಿಗೆ ಅಕ್ಷರಶಃ ನೆನಪಿತ್ತು. ರಾತ್ರಿಯೆಲ್ಲ ಅದನ್ನೇ ನೆನೆದಿದ್ದಳೋ ಏನೋ.

"ಒಳಗಿನ ಹಿಟ್ಟು?"

"ಒಳಗಿಂದು ರಾಗಿಯೋರಿಗೆ. ನಮ್ಮ ಮನೇಲಿ ಅದೇ ಕಟ್ಟಳೆ," ಅಂದಳು ಕರಿಯಕ್ಕ. "ಹೊರಗಿಂದು ಬೀಸಿದೋರಿಗೆ."

ಲಕ್ಷ್ಮಕ್ಕ ಪುಟ್ಟಿ ಬಿಟ್ಟು ಹೋಗಲಿಲ್ಲ. ಕಲ್ಲಿನ ಪಕ್ಕ ನೆಲದ ಮೇಲೆ, ಮೊಳಕಾಲ್ಮೂರಿನ ರೇಷ್ಮೆ ಅಂಚಿನ ಸೀರೆಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಹೊರತೋಡಿಗೆ ಬೇಕಂತಲೇ ಹೆಚ್ಚು ಹಾರಿಸುತ್ತಾರೋ ಎಂದು ನೋಡಲು. ಬೇರೆ ಯಾವ ಕಾರಣವೂ ಇರಲಿಲ್ಲ. ಕಳ್ಳಿ ಎಂಬ ಮಾತನ್ನು ಅವಳು ವಾಪಸು ತೆಗೆದುಕೊಂಡಿರಲಿಲ್ಲ. ಅದನ್ನು ಜೊತೆಯಲ್ಲೇ ತಂದಿದ್ದಳು.

ಸಿದ್ದಕ್ಕ ಬಂದು ಎದುರಿಗೆ ಕೂತು ಗೂಟ ಹಿಡಿದಳು. ಗೌಡ್ತಿಯನ್ನು ಕಂಡು ತುಟಿ ಬಿಗಿದುಕೊಂಡಳು. ಕರಿಯಕ್ಕ ಕಲ್ಲಿನ ಬಾಯಿಗೆ ರಾಗಿ ಹಾಕಿದಳು. ಎಂದಿನಂತೆಯೇ ಬೀಸಿದರು, ಹೆಚ್ಚಲ್ಲ, ಕಡಿಮೆಯಲ್ಲ. ತರಿ ಒಳಗೆ ಬಿತ್ತು. ನುಣುಪು ಏರಿ ದಾಟಿ ಹೊರತೋಡಿಗೆ ಬಿತ್ತು. ಲಕ್ಷ್ಮಕ್ಕನ ಕಣ್ಣು ಅಲ್ಲೇ ನೆಟ್ಟಿತ್ತು. ಹಿಡಿ ಹಿಡಿಗೂ ಮುಖ ಇನ್ನಷ್ಟು ಬಗ್ಗಿಸಿದಳು. ಮರ ಒಂದಿಷ್ಟನ್ನು ಹಿಡಿಯಲಾರದು, ಗಾಳಿಯಲ್ಲಿ ಏಳುತ್ತದೆ. ಅದು ಅವಳ ಕೂದಲ ಮೇಲೆ, ಹುಬ್ಬಿನ ಮೇಲೆ, ಸೆರಗಿನ ನೆರಿಗೆಗಳಲ್ಲಿ ಕೂತಿತು. ಪುಟ್ಟಿ ಖಾಲಿಯಾಗುವ ಹೊತ್ತಿಗೆ ಗೌಡ್ತಿ ತಾನೇ ಹೊರತೋಡಿನಂತೆ ಆಗಿದ್ದಳು.

ಕರಿಯಕ್ಕ ಒಳತೋಡನ್ನು ಬಳಿದು ಪುಟ್ಟಿಗೆ ತುಂಬಿದಳು. ಹೊರತೋಡನ್ನು ಬಳಿದು ಎರಡು ಪಾಲು ಮಾಡಿ ಒಂದನ್ನು ಸಿದ್ದಕ್ಕನ ಸೆರಗಿಗೆ ಹಾಕಿದಳು. ಲಕ್ಷ್ಮಕ್ಕ ನೋಡಿದಳು. ಎದ್ದು ನಿಂತು ತನ್ನ ಸೀರೆಯ ಕಡೆ ಕಣ್ಣು ಹಾಯಿಸಿ, ಮುಖ ಸಿಂಡರಿಸಿ, ಹೊರಗೆ ಹೋಗಿ ಕೊಡವಿಕೊಳ್ಳಲು ತಡಿಕೆಯ ಕಡೆ ತಿರುಗಿದಳು.

"ಹೊರಗೆ ಬ್ಯಾಡ ಅಕ್ಕಾರೆ, ಇಲ್ಲೇ ಕೊಡವ್ರಿ," ಅಂದಳು ಕರಿಯಕ್ಕ. ಅಷ್ಟು ಹೊತ್ತಿಗೆ ಅವಳ ಕೈಯಲ್ಲಿ ಪೊರಕೆ ಇತ್ತು. "ಮರದ ಆಚೆ ಬಿದ್ದದ್ದು ಬೀಸಿದೋರಿಗೆ. ಗೌಡ್ರ ಮಾತು."

ಹೊರಗೆ ನಿಂತಿದ್ದ ಆಳು ಕೆಮ್ಮಿದ. ಲಕ್ಷ್ಮಕ್ಕ ತಡಿಕೆಯ ಬಳಿಯಿಂದ ಹಿಂದಕ್ಕೆ ತಿರುಗಿದಳು. ಆಮೇಲೆ ಸೆರಗಿನ ತುದಿ ಹಿಡಿದು ಒಂದು ಸಲ ಒದರಿದಳು. ಕರಿಯಕ್ಕ ಪೊರಕೆ ಹಿಡಿದು ಹಾಗೇ ನಿಂತಿದ್ದಳು. ಲಕ್ಷ್ಮಕ್ಕ ಇನ್ನೊಂದು ಸಲ ಒದರಿದಳು, ತಲೆಯನ್ನೂ ಕೈಯಿಂದ ಜಾಡಿಸಿಕೊಂಡಳು.

ಅವಳು ಹೊರಗೆ ಹೋದ ಮೇಲೆ ಕರಿಯಕ್ಕ ಗುಡಿಸಿದಳು. ಒಂದು ಮುಷ್ಟಿಯೂ ಇರಲಿಲ್ಲ, ಮಣ್ಣು ಬೇರೆ ಸೇರಿತ್ತು. ಜರಡಿ ತೆಗೆದುಕೊಂಡಳು.